ಎಡಗಿವಿಯ ಸಾಕ್ಷಿ

ನೋವಿದೆಯಾ ಎಂದು ಬೆಳಗ್ಗೆಯಿಂದ ಎಲ್ಲರೂ ಕೇಳುತ್ತಿದ್ದರು. ಚೀಟಿ ಕೊಡುವವನು ಕೇಳಿದ, ನರ್ಸಮ್ಮ ಕೇಳಿದಳು, ಬೆಂಚಿನ ಆ ತುದಿಯಲ್ಲಿ ದವಡೆ ಹಿಡಿದುಕೊಂಡು ಕೂತಿದ್ದ ಹೆಂಗಸೂ ತನ್ನ ಸಂಕಟದ ನಡುವೆ ಪುರುಸೊತ್ತು ಮಾಡಿಕೊಂಡು ಕೇಳಿದಳು. ಇಲ್ಲ ಎಂದಾಗಲೆಲ್ಲ ಕೇಳಿದವರ ಮುಖ ಸ್ವಲ್ಪ ಇಳಿಯುತ್ತಿತ್ತು. ನೋವಿದ್ದರೆ ಕಾಯಿಲೆಗೊಂದು ಮರ್ಯಾದೆ, ಅಯ್ಯೋ ಪಾಪ ಎನ್ನುವುದಕ್ಕೆ ಒಂದು ದಾರಿ. ಅವಳ ಎಡಗಿವಿ ತಿಂಗಳುಗಟ್ಟಲೆಯಿಂದ ಸುಮ್ಮನೆ ಸೋರುತ್ತಿತ್ತು, ವಾಷರ್ ಸವೆದ ನಲ್ಲಿಯ ಹಾಗೆ, ಯಾರ ಗೊಡವೆಗೂ ಹೋಗದೆ. ನೋವೇ ಇಲ್ಲದ ಮೇಲೆ ಡಾಕ್ಟರ ಹತ್ತಿರ ಏನು ಕೆಲಸ ಎಂದು ಅವಳು ಹತ್ತಿ ತುರುಕಿಕೊಂಡು ಓಡಾಡಿದ್ದಳು. ಆಮೇಲೆ ಪೇಟೆಯ ಡಾಕ್ಟರು ಕೊಟ್ಟ ಹನಿ, ಆ ಹನಿ ಸಾಲದೆಂದು ಇನ್ನೊಂದು ಹನಿ, ಮಾತ್ರೆ, ಮತ್ತೆ ಬೇರೆ ಬಣ್ಣದ ಮಾತ್ರೆ. ಕಿವಿ ಯಾವುದಕ್ಕೂ ಸೊಪ್ಪು ಹಾಕಲಿಲ್ಲ. ಒಳಗೊಳಗೇ ಅವಳಿಗೆ ಅದರ ಬಗ್ಗೆ ಹೆಮ್ಮೆ ಕೂಡ ಇತ್ತು. ಎಷ್ಟೆಂದರೂ ತನ್ನ ಕಿವಿ, ತನ್ನ ಹಾಗೇ ಮೊಂಡು.

ಪಕ್ಕದಲ್ಲಿ ಅತ್ತಿಗೆ, ಗಂಡನ ಅಕ್ಕ, ಮಡಿಲಲ್ಲಿ ಚೀಲ ಇಟ್ಟುಕೊಂಡು ಅದರ ಬಾಯಿಯನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದು ಕೂತಿದ್ದರು, ಆಸ್ಪತ್ರೆಯ ಕಾಯಿಲೆಗಳೆಲ್ಲ ಒಟ್ಟಾಗಿ ಅದರೊಳಗೇ ನುಗ್ಗಲಿವೆ ಎಂಬಂತೆ. ಗಂಡ ಬರಬೇಕಿತ್ತು. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದು ಕೊಡುವ ದಿನ, ದರ್ಜಿಗೆ ಅದಕ್ಕಿಂತ ದೊಡ್ಡ ದಿನ ಯಾವುದಿದೆ. "ಅಕ್ಕ ಬರ್ತಾಳೆ ಬಿಡು" ಎಂದು ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡು ಹೋದ, ಹೋಗುವಾಗ ಅವಳ ಕಣ್ಣು ತಪ್ಪಿಸಿದ. ಅವನಿಗೆ ಅನುಮಾನ ಇತ್ತು. ಹಿಂದಿನ ಸಲ ಕಿವಿಯೊಳಗಿಂದ ಚೂರು ಮಾಂಸ ಚಿವುಟಿ ಪರೀಕ್ಷೆಗೆ ಕಳಿಸಿದರಲ್ಲ, ಅವತ್ತಿನಿಂದಲೇ ಅವನು ಅವಳ ಲೋಟವನ್ನು ತೊಳೆದು ಬೇರೆ ಕಡೆ ಬೋರಲು ಹಾಕುತ್ತಿದ್ದ, ಬೇಕೆಂದು ಮಾಡಿದ್ದಲ್ಲ ಎನ್ನುವ ಮುಖ ಮಾಡಿಕೊಂಡು. ಅವಳು ಅದನ್ನು ತೆಗೆದು ಎಲ್ಲರ ಲೋಟಗಳ ನಡುವೆ ತೂರಿಸಿ ಇಡುತ್ತಿದ್ದಳು. ಮತ್ತೆ ನೋಡಿದರೆ ಅದು ಬೇರೆ ಕಡೆ. ಇಬ್ಬರೂ ಇದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿ ಕೊನೆಗೆ ಒಂದು ಲೋಟವನ್ನು ಮಧ್ಯೆ ಇಟ್ಟುಕೊಂಡು ಹೀಗೆ ಕಳ್ಳಾಟ ಆಡುವ ಗತಿ ಬಂತಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅವನು ಬಾಯಿ ಬಿಟ್ಟು ಹೆದರಿಕೆ ಆಗುತ್ತೆ ಎಂದಿದ್ದರೆ ಅವಳೇ ಲೋಟ ಬೇರೆ ಇಟ್ಟುಕೊಳ್ಳುತ್ತಿದ್ದಳೇನೋ.

ಡಾಕ್ಟರಮ್ಮ ಚಿಕ್ಕವರು, ನೋಡಿದರೆ ನಿನ್ನೆಯಷ್ಟೇ ಕಾಲೇಜು ಮುಗಿಸಿ ಬಂದವರ ಹಾಗೆ. ತಲೆಗೆ ದೀಪ ಕಟ್ಟಿಕೊಂಡು ಕಿವಿಯೊಳಗೆ ಇಣುಕಿದರು, ಕಸವನ್ನು ಸಣ್ಣ ನಳಿಗೆಯಿಂದ ಹೀರಿ ತೆಗೆದರು, ಇನ್ನೊಂದು ಸಲ ಇಣುಕಿದರು. ಆಮೇಲೆ ಕುರ್ಚಿ ಎಳೆದುಕೊಂಡು ಎದುರಿಗೇ ಕೂತು, ಸುತ್ತು ಬಳಸದೆ ಹೇಳಿದರು.

"ಕ್ಷಯ. ಟಿ.ಬಿ. ನಡುಗಿವಿಯಲ್ಲಿದೆ, ಕಿವಿತಮಟೆಯ ಹಿಂದೆ."

ಅತ್ತಿಗೆಯ ಕೈಯಲ್ಲಿ ಚೀಲದ ಬಾಯಿ ಇನ್ನಷ್ಟು ಮುದುಡಿತು.

"ಅದು ಎದೆಗೆ ಬರೋದಲ್ವಾ?" ಎಂದಳು ಅವಳು.

"ಎದೆಗೇ ಜಾಸ್ತಿ. ಮೂಳೆಗೂ ಬರುತ್ತೆ, ಕತ್ತಿನ ಗಂಟಿಗೂ ಬರುತ್ತೆ. ಕಿವಿಗೆ ಬರೋದು ಅಪರೂಪ. ಅದಕ್ಕೇ ಹೊಳೆಯೋದು ತಡ. ನೋವಿಲ್ಲ, ಹನಿಗೆ ಜಗ್ಗಲ್ಲ, ತಮಟೆಯಲ್ಲಿ ಒಂದಲ್ಲ ಎರಡು ತೂತು, ಒಳಗೆ ಬಿಳಚಿಕೊಂಡ ಮಾಂಸ. ಅದನ್ನೆಲ್ಲ ನೋಡಿಯೇ ನಾನು ಚೂರು ತೆಗೆದು ಕಳಿಸಿದ್ದು. ಅದರಲ್ಲಿ ಸಿಕ್ಕಿತು. ನಿಮ್ಮ ಎದೆಯ ಎಕ್ಸ್‌ರೇ ಚೆನ್ನಾಗಿದೆ, ಕಫದಲ್ಲಿ ಏನೂ ಇಲ್ಲ. ನಿಮ್ಮಿಂದ ಯಾರಿಗೂ ಹರಡಲ್ಲ, ಮನೇಲಿ ಯಾರೂ ಹೆದರೋದು ಬೇಡ."

ಕೊನೆಯ ಮಾತನ್ನು ಡಾಕ್ಟರಮ್ಮ ಅತ್ತಿಗೆಯ ಕಡೆ ತಿರುಗಿ ಹೇಳಿದರು. ಅತ್ತಿಗೆ ಗೋಡೆಯ ಕಡೆ ತಿರುಗಿದ್ದರು.

ಆಮೇಲೆ ಡಾಕ್ಟರಮ್ಮ ಕೆನ್ನೆ ಉಬ್ಬಿಸಿ ಎಂದರು, ಕಣ್ಣು ಬಿಗಿಯಾಗಿ ಮುಚ್ಚಿ ಎಂದರು, ಹಲ್ಲು ತೋರಿಸಿ ಎಂದರು. ಮುಖದ ನರ ಆ ಜಾಗದ ಪಕ್ಕದಲ್ಲೇ ಹಾದುಹೋಗುತ್ತದಂತೆ, ಅದಕ್ಕೆ ತಾಗಿದರೆ ಬಾಯಿ ಸೊಟ್ಟಗಾಗುತ್ತದಂತೆ. ಕ್ಷಯ ಎಂದು ಹೇಳಿಸಿಕೊಂಡ ಮರುಗಳಿಗೆಯಲ್ಲೇ ಹೀಗೆ ಕಪ್ಪೆಯ ಹಾಗೆ ಕೆನ್ನೆ ಉಬ್ಬಿಸಿಕೊಂಡು, ನಾದಿನಿ ಅತ್ತಿಗೆಯರ ಜಗಳದಲ್ಲಿ ಅಣಕಿಸುವವಳ ಹಾಗೆ ಹಲ್ಲು ಕಿರಿದು ಕೂರಬೇಕಾಯಿತಲ್ಲ ಎಂದು ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ನರಕ್ಕೆ ಏನೂ ಆಗಿರಲಿಲ್ಲ. ಡಾಕ್ಟರಮ್ಮ ಎರಡು ಕಡ್ಡಿಯ ಉಕ್ಕಿನ ಕವೆಯೊಂದನ್ನು ಮೊಣಕೈಗೆ ಬಡಿದು, ಅದರ ಬುಡವನ್ನು ಅವಳ ಹಣೆಯ ನಡುವೆ ಊರಿದರು. "ಯಾವ ಕಡೆ ಜೋರಾಗಿ ಕೇಳುತ್ತೆ?"

ಅವಳ ಎದೆ ಉಬ್ಬಿತು. ಇಷ್ಟು ಹೊತ್ತು ಅವಮಾನ ಸಹಿಸಿದ್ದಕ್ಕೆ ಈಗ ಬಂತು ನೋಡು ತನ್ನ ಸರದಿ. "ಎಡಗಡೆ," ಎಂದಳು, ಎಡಗೈಯಿಂದ ತೋರಿಸಿ. "ಸ್ಪಷ್ಟವಾಗಿ. ಬಲಗಡೆಗಿಂತ ಜೋರು. ನೀವೇ ನೋಡಿದ್ರಲ್ಲ, ಈ ಕಿವಿಗೆ ಏನೂ ಆಗಿಲ್ಲ. ನನ್ನ ಕೆಲಸವೇ ಕಿವಿಯದು, ನನಗೆ ಗೊತ್ತಾಗಲ್ವಾ?"

ಡಾಕ್ಟರಮ್ಮ ತಲೆಯಾಡಿಸಿದರು, ಅದೇ ಉತ್ತರಕ್ಕೆ ಕಾಯುತ್ತಿದ್ದವರ ಹಾಗೆ. "ಅದೇ ಕೆಟ್ಟ ಕಿವಿಯ ಗುರುತು. ಹೊರಗಿನ ಸದ್ದು ಒಳಗೆ ಹೋಗೋ ದಾರಿ ಕಟ್ಟಿದೆ. ಹಾಗಾಗಿ ಎಲುಬಿನ ಮೂಲಕ ಬಂದ ಸದ್ದು ಆ ಕಡೆ ದೊಡ್ಡದಾಗಿ ಕೇಳುತ್ತೆ. ಸದ್ದು ದೊಡ್ಡದಾಗಿಲ್ಲ, ನಿಮಗೆ ಹಾಗೆ ಅನ್ನಿಸುತ್ತೆ ಅಷ್ಟೇ."

ಆಮೇಲೆ ಹೇಳಿದ್ದನ್ನು ಅವಳು ಕೇಳಿದಳು, ತಲೆಯಾಡಿಸಿದಳು, ಒಂದೂ ಒಳಗಿಳಿಯಲಿಲ್ಲ, ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಒಂದೊಂದಾಗಿ ನೆನಪಾದವು. ನಾಳೆಯಿಂದ ಮಾತ್ರೆ. ಆರು ತಿಂಗಳು, ಬೇಕಾದರೆ ಇನ್ನೂ ಸ್ವಲ್ಪ. ಒಂದು ದಿನವೂ ಬಿಡಬಾರದು, ಹುಷಾರಾದೆ ಅನ್ನಿಸಿದರೂ ಬಿಡಬಾರದು. ಮೂತ್ರ ಕೆಂಪಗೆ ಹೋಗುತ್ತದೆ, ಅದು ಮಾತ್ರೆಯ ಬಣ್ಣ. ಕಣ್ಣು ಮಂಜಾದರೆ, ಮೈ ಹಳದಿಯಾದರೆ ತಕ್ಷಣ ಬರಬೇಕು. ಕಿವಿ ಸರಿಹೋಗುತ್ತಾ ಎಂದು ಅವಳು ಕೇಳಿದ್ದಕ್ಕೆ, "ರೋಗ ಹೋಗುತ್ತೆ. ಕೇಳಿಸೋದು ಎಷ್ಟು ವಾಪಸ್ ಬರುತ್ತೆ ಅಂತ ಈಗಲೇ ಹೇಳಿದ್ರೆ ಸುಳ್ಳಾಗುತ್ತೆ. ಒಳಗೆಲ್ಲ ಒಣಗಿದ ಮೇಲೆ ತಮಟೆಗೆ ತೇಪೆ ಹಾಕಬಹುದು" ಎಂದಿದ್ದರು. ತೇಪೆ ಎಂಬ ಮಾತು ಅವಳಿಗೆ ಹಿಡಿಸಿತು. ಅದೊಂದೇ ಅವಳಿಗೆ ಅರ್ಥವಾಗುವ ಭಾಷೆ.

ಆದರೆ ಮೆಟ್ಟಿಲ ಮೇಲೆ ಅವಳ ಕಾಲು ನಿಂತದ್ದು ರೋಗಕ್ಕಲ್ಲ. ಊರಿಗೆ ನೀರೆತ್ತುವ ಪಂಪುಹೌಸಿನಲ್ಲಿ ಅವಳಿಗೆ ಕಿವಿಯಕ್ಕ ಎಂದೇ ಹೆಸರು. ಸಾಲಾಗಿ ನಿಂತ ಪಂಪುಗಳ ಗದ್ದಲದಲ್ಲಿ ಪಕ್ಕದವನ ಕೂಗೇ ಕೇಳದು, ಅಂಥದ್ದರಲ್ಲಿ ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಪಂಪಿನ ಅಚ್ಚು ತಿರುಗುವ ಬೇರಿಂಗಿನ ಕವಚದ ಮೇಲೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಅವಳು ಕೇಳುತ್ತಿದ್ದಳು. ಬೇರಿಂಗು ಕೆಡುವ ಮೊದಲು ಮಾತಾಡುತ್ತದೆ, ಗುಂಡುಗಳ ನಡುವೆ ಮರಳು ಅರೆದ ಹಾಗೆ ಗೊಣಗುತ್ತದೆ. ಮೊದಲಿನಿಂದಲೂ ಅವಳು ಹಿಡಿಯನ್ನು ಎಡಗಿವಿಯ ಹಿಂದೆಯೇ ಇಟ್ಟುಕೊಳ್ಳುತ್ತಿದ್ದಳು. ಒಂದು ವರ್ಷದಿಂದ ಆ ಕಡೆ ಎಷ್ಟು ಚೆನ್ನಾಗಿ ಕೇಳುತ್ತಿತ್ತು! ಮೊದಲು ಕೇಳದಿದ್ದ ಗೊಣಗೆಲ್ಲ ಕೇಳತೊಡಗಿತ್ತು. ಜನರಿಗೆ ವಯಸ್ಸಾದಂತೆ ಕಿವಿ ಮಂದವಾಗುತ್ತದೆ, ತನ್ನದು ಚೂಪಾಗುತ್ತಿದೆ ಎಂದು ಅವಳು ಬೀಗಿದ್ದಳು. ಮನೆಯವರ ಮಾತು ಮಾತ್ರ ಯಾಕೋ ಕೇಳುತ್ತಿರಲಿಲ್ಲ, ಅದಕ್ಕೆ ಅವಳು ಮನೆಯವರನ್ನೇ ಬೈದಳು. ಅವಳ ಮಾತಿನ ಮೇಲೆ ಈ ವರ್ಷ ಎರಡು ಪಂಪು ಬಿಚ್ಚಿದ್ದರು. ಎರಡೂ ಸಲ ಪಂಪುಹೌಸಿನ ಹಿರಿಯ ಮೇಸ್ತ್ರಿ ಬೇರಿಂಗ್ ಚೆನ್ನಾಗಿದೆ ಎಂದಿದ್ದರು, ಎರಡೂ ಸಲ ಅವಳು ಎಲ್ಲರೆದುರು "ನಿಮಗೆ ವಯಸ್ಸಾಯ್ತು ಮೇಸ್ತ್ರಿ" ಎಂದು ಬಾಯಿ ಮುಚ್ಚಿಸಿದ್ದಳು. ಬಿಚ್ಚಿದಾಗ ಬೇರಿಂಗಿನಲ್ಲಿ ಒಂದು ಗೀರೂ ಇರಲಿಲ್ಲ. ಮೇಸ್ತ್ರಿ ಅದನ್ನು ಅಂಗೈಯಲ್ಲಿಟ್ಟು ಬೆರಳಿಂದ ತಿರುಗಿಸಿ, "ಮದುಮಗಳ ಹಾಗಿದೆ" ಎಂದು ಮೇಜಿನ ಮೇಲಿಟ್ಟು ಹೋಗಿದ್ದರು. ಕೆಡೋ ಮೊದಲೇ ಹಿಡಿದೆ ಎಂದಳು ಅವಳು. ಎಲ್ಲರೂ ಹೌದೆಂದರು. ಕಿವಿಯಕ್ಕ ಹೇಳಿದ ಮೇಲೆ ಇನ್ನೇನು.

ಇವತ್ತು ಮಧ್ಯಾಹ್ನ ಮೂರನೇ ಪಂಪು ಬಿಚ್ಚುವವರಿದ್ದರು. ಅದೂ ಅವಳ ಮಾತಿನ ಮೇಲೆಯೇ. ಅರ್ಧ ಊರಿಗೆ ನೀರು ಬರೋದಿಲ್ಲ ಎಂದು ನಿನ್ನೆ ಮೈಕು ಕಟ್ಟಿದ ಗಾಡಿ ಬೀದಿ ಬೀದಿಯಲ್ಲಿ ಸಾರಿಕೊಂಡು ಹೋಗಿತ್ತು. ಬಾಯಿ ಬಿಟ್ಟರೆ ಪಂಪುಹೌಸು ಹೋಯಿತು, ಕಿವಿ ಕೆಟ್ಟ ಕಿವಿಯಕ್ಕನನ್ನು ಯಾರು ಇಟ್ಟುಕೊಳ್ಳುತ್ತಾರೆ. ಬಿಡದಿದ್ದರೆ ಮೂರನೇ ಮದುಮಗಳನ್ನೂ ಬಿಚ್ಚಿ ಮೇಜಿನ ಮೇಲೆ ಮಲಗಿಸುತ್ತಾರೆ, ಮೇಸ್ತ್ರಿ ಮತ್ತೆ ಅದನ್ನು ಬೆರಳಿಂದ ತಿರುಗಿಸಿ ಇಟ್ಟು ಹೋಗುತ್ತಾರೆ.

ಬಸ್ಸಿನಲ್ಲಿ ಅತ್ತಿಗೆ ಅವಳ ಎಡಕ್ಕೆ ಕೂತರು. ಸ್ವಲ್ಪ ದೂರ ಹೋದ ಮೇಲೆ ಏನೋ ಪಿಸುಗುಟ್ಟಿದರು. ಅವಳು ಹ್ಞಾ ಎಂದಳು. ಅತ್ತಿಗೆ ಹಿಂದೆ ಮುಂದೆ ನೋಡಿ, ಸೆರಗು ಬಾಯಿಗೆ ಅಡ್ಡ ಹಿಡಿದು ಇನ್ನೊಂದು ಸಲ ಹೇಳಿದರು. ಏನಂದ್ರಿ ಎಂದಳು ಅವಳು. ಬಸ್ಸು ಏರಿನಲ್ಲಿ ನರಳುತ್ತಿತ್ತು. ಅತ್ತಿಗೆಗೆ ರೇಗಿತು. "ಕ್ಷಯ ಅಂತ ಯಾರ ಹತ್ತಿರವೂ ಬಾಯಿ ಬಿಡಬೇಡ ಅಂದೆ ಕಣೆ" ಎಂದು ಅವರು ಕೂಗಿದ್ದಕ್ಕೂ ಬಸ್ಸು ಏರು ಮುಗಿಸಿ ಮೆತ್ತಗಾಗುವುದಕ್ಕೂ ಸರಿಹೋಯಿತು. ಮುಂದಿನ ಸೀಟಿನ ಎರಡು ತಲೆಗಳು ಒಟ್ಟಿಗೇ ತಿರುಗಿದವು. ಕಂಡಕ್ಟರು ಟಿಕೆಟ್ ಹರಿಯುವುದನ್ನು ಅರ್ಧಕ್ಕೇ ನಿಲ್ಲಿಸಿದ. ಹಿಂದಿನಿಂದ ಯಾರೋ ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು. ಅವಳಿಗೆ ತಡೆಯಲಾರದ ನಗು ಬಂತು, ಹೊಟ್ಟೆಯಿಂದ, ಕಣ್ಣಲ್ಲಿ ನೀರು ಬರುವಷ್ಟು.

"ನಗ್ತೀಯಲ್ಲೇ, ನಿನಗೇನು ಗರ ಬಡಿದಿದೆಯಾ," ಎಂದರು ಅತ್ತಿಗೆ. ಅವರ ಮುಖ ಕೆಂಪಾಗಿತ್ತು. ಎದ್ದು ಅವಳನ್ನು ಕಿಟಕಿಯ ಕಡೆ ತಳ್ಳಿ ಈ ಸಲ ಬಲಕ್ಕೆ ಕೂತರು, ದನಿ ಇಳಿಸಿದರು. "ಕಿವಿ ಸೋರುತ್ತೆ ಅನ್ನು. ಅದೇನು ಸುಳ್ಳಲ್ಲವಲ್ಲ. ನಿನ್ನ ಗಂಡನೂ ಅದನ್ನೇ ಹೇಳಿ ಕಳಿಸಿದ್ದಾನೆ. ಮಾತ್ರೆ ದಿನಾ ನಾನೇ ಎತ್ತಿ ಕೊಡ್ತೀನಿ, ಒಂದು ದಿನವೂ ತಪ್ಪಿಸಲ್ಲ. ಆದರೆ ಆ ಹೆಸರು ಬೇಡ. ಹುಡುಗಿ ಇದ್ದಾಳೆ ಮನೇಲಿ. ನಾಳೆ ಅವಳ ಪಕ್ಕ ಯಾರೂ ಕೂರಲ್ಲ."

ಅತ್ತಿಗೆ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಸುಲಭವಿತ್ತು. ಅವಳು ಕಿಟಕಿಯ ಹೊರಗೆ ನೋಡಿದಳು. ಹುಡುಗಿಯ ಮಾತು ಬರಬಾರದಿತ್ತು. ಹೋದ ತಿಂಗಳು ಶಾಲೆಗೆ ಕರೆಸಿದ್ದರು. ನಿಮ್ಮ ಮಗಳು ಸಂತೆಯಲ್ಲಿ ಕೂಗಿದ ಹಾಗೆ ಮಾತಾಡುತ್ತಾಳೆ, ಪಾಠ ಓದು ಎಂದರೆ ಇಡೀ ಶಾಲೆಗೆ ಕೇಳುತ್ತೆ, ಮಕ್ಕಳೆಲ್ಲ ನಗುತ್ತಾರೆ ಎಂದು ಮೇಡಂ ದೂರಿದ್ದರು. ಮನೆಗೆ ಬಂದು ಅವಳು ಮಗಳಿಗೆ ಚೆನ್ನಾಗಿ ಉಗಿದಳು. ಹುಡುಗಿ ತಲೆ ತಗ್ಗಿಸಿ ಏನೋ ಅಂದಳು. "ಬಾಯಿ ತೆರೆದು ಮಾತಾಡು, ಗೊಣಗಬೇಡ" ಎಂದು ಅವಳೇ ಗದರಿದಳು. ಹುಡುಗಿ ಅವಳನ್ನೇ ನೋಡುತ್ತಾ ನಿಂತುಬಿಟ್ಟಳು. ಆ ನೋಟ ಈಗ, ಏರು ಮುಗಿಸಿದ ಬಸ್ಸಿನಲ್ಲಿ, ಅವಳಿಗೆ ಅರ್ಥವಾಯಿತು. ಒಂದು ವರ್ಷ ಮನೆಯಲ್ಲಿ ತನಗೆ ಕೇಳಲೆಂದು ಮಗಳು ಕೂಗಿ ಕೂಗಿ ಮಾತಾಡುವ ಹಾಗೆ ಮಾಡಿದವಳು ತಾನು, ನಗೆಪಾಟಲಾದವಳು ಅವಳು. ಯಾರೂ ಗೊಣಗುತ್ತಿರಲಿಲ್ಲ. ಬೇರಿಂಗೂ ಗೊಣಗುತ್ತಿರಲಿಲ್ಲ, ಮಗಳೂ ಗೊಣಗುತ್ತಿರಲಿಲ್ಲ. ಈಗ ಈ ಕಾಯಿಲೆಯನ್ನು ಗುಟ್ಟು ಮಾಡಿ, ಆ ಗುಟ್ಟನ್ನೂ ಆ ಹುಡುಗಿಯ ತಲೆಗೇ ಕಟ್ಟಬೇಕಂತೆ. ಅಮ್ಮನಿಗೆ ಏನಾಗಿದೆ ಎಂದು ಯಾರಾದರೂ ಕೇಳಿದರೆ ಅವಳು ಮೆತ್ತಗೆ ಸುಳ್ಳು ಹೇಳಬೇಕಂತೆ. ಥೂ ಎಂದಳು ಅವಳು, ಗಟ್ಟಿಯಾಗಿಯೇ.

ಮನೆಯ ಸ್ಟಾಪ್ ಬಂದಾಗ ಅತ್ತಿಗೆ ಎದ್ದರು, ಅವಳು ಏಳಲಿಲ್ಲ.

"ಇಳಿಯಲ್ವಾ?"

"ಪಂಪುಹೌಸಿಗೆ ಹೋಗ್ತೀನಿ. ನೀವು ಹೋಗಿ ಅತ್ತಿಗೆ. ನಿಮ್ಮ ತಮ್ಮ ಕೇಳಿದ್ರೆ, ಡಾಕ್ಟರು ಹೇಳಿದ್ದನ್ನ ಹಾಗೇ ಹೇಳಿ. ನನ್ನ ಲೋಟ ಬೇರೆ ಕಡೆ ಇಡಬೇಡಿ ಅಂತಲೂ ಹೇಳಿ."

ಪಂಪುಹೌಸಿನ ಒಳಗೆ ನೆಲದ ಮೇಲೆ ಗೋಣಿ ಹಾಸಿ ಸ್ಪಾನರುಗಳನ್ನು ಸಾಲಾಗಿ ಇಟ್ಟಿದ್ದರು. ಮೂರನೇ ಪಂಪು ಇನ್ನೂ ಓಡುತ್ತಿತ್ತು. ಮೇಸ್ತ್ರಿ ಸ್ವಿಚ್ಚಿನ ಹತ್ತಿರ ನಿಂತಿದ್ದರು, ಎಂಜಿನಿಯರು ಗಡಿಯಾರ ನೋಡುತ್ತಿದ್ದರು, ಎಣ್ಣೆ ಹಾಕುವವನು ಮತ್ತೆ ಇನ್ನಿಬ್ಬರು ಫಿಟ್ಟರುಗಳು ತೋಳು ಮಡಚಿಕೊಂಡು ತಯಾರಾಗಿದ್ದರು. ಅಲ್ಲಿ ಮೆತ್ತಗೆ ಹೇಳಿ ಮುಗಿಸುವ ಹಾಗಿಲ್ಲ. ಅಲ್ಲಿ ಗುಟ್ಟು ಎಂಬುದೇ ಇಲ್ಲ, ಏನು ಹೇಳಿದರೂ ಗಂಟಲು ಹರಿಯುವ ಹಾಗೆ ಕೂಗಿಯೇ ಹೇಳಬೇಕು. ಅವಳು ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಹೇಳದೆ ಇದ್ದುಬಿಡಬಹುದು, ಇವತ್ತೊಂದು ದಿನ, ನಾಳೆ ರಜೆ ಹಾಕಬಹುದು ಎಂದು ಮನಸ್ಸು ಸಣ್ಣದಾಗಿ ಹೇಳಿತು. ಆ ದನಿಯ ಮೇಲೆ ಅವಳಿಗೆ ಅಸಹ್ಯವಾಯಿತು.

"ನಿಲ್ಲಿಸಿ. ಮೂರನೇದನ್ನ ಬಿಚ್ಚಬೇಡಿ."

"ನೀವೇ ಹೇಳಿದ್ದಲ್ಲವೇನ್ರೀ ಬೇರಿಂಗ್ ಹೋಗ್ತಿದೆ ಅಂತ?" ಎಂಜಿನಿಯರು ಕೂಗಿದರು.

"ಹೇಳಿದ್ದೆ. ಎಡಗಿವಿಯಿಂದ ಕೇಳಿ ಹೇಳಿದ್ದೆ. ಎಡಗಿವಿಯಲ್ಲಿ ಟಿ.ಬಿ. ಇದೆ. ಇಲ್ಲದ್ದನ್ನೆಲ್ಲ ದೊಡ್ಡದು ಮಾಡಿ ಕೇಳಿಸುತ್ತಂತೆ. ಇವತ್ತು ಗೊತ್ತಾಯ್ತು."

ಎಣ್ಣೆ ಹಾಕುವವನು ತನ್ನ ನೀರಿನ ಬಾಟಲಿ ಎತ್ತಿಕೊಂಡ. ಫಿಟ್ಟರುಗಳಲ್ಲಿ ಒಬ್ಬ ಹಿಂದಕ್ಕೆ ಜರುಗಿದ. ಆಗಲೇ ಶುರುವಾಯಿತು ಎಂದುಕೊಂಡಳು ಅವಳು, ಆದರೆ ಹೆದರಿಕೆಯ ಬದಲು ಹುಚ್ಚು ಧೈರ್ಯ ಬಂತು.

"ಎದೆಯಲ್ಲಿಲ್ಲ, ಕಿವಿಯಲ್ಲಿದೆ. ಕಿವಿಯಿಂದ ಯಾರಿಗೂ ಹಾರಲ್ಲ. ನಂಬಿಕೆ ಇಲ್ಲದಿದ್ರೆ ಡಾಕ್ಟರನ್ನ ಹೋಗಿ ಕೇಳಿ. ಹಿಂದೆ ಸರಿಯೋರು ನೋಡಿಕೊಂಡು ಸರೀರಿ, ನೆಲದಲ್ಲಿ ಎಣ್ಣೆ ಇದೆ."

ಎಂಜಿನಿಯರಿಗೆ ಬೇರೆಯೇ ಚಿಂತೆ. "ಅರ್ಧ ಊರಿಗೆ ನೀರಿಲ್ಲ ಅಂತ ಸಾರಿಸಿಬಿಟ್ಟಿದ್ದೀನಲ್ರೀ. ಹಾಗಾದ್ರೆ ಈ ವರ್ಷ ಬಿಚ್ಚಿದ ಎರಡು?"

"ಎರಡನ್ನೂ ಸುಮ್ಮನೆ ಬಿಚ್ಚಿಸಿದೆ."

ಮೇಸ್ತ್ರಿ ಸ್ವಿಚ್ಚು ಬಿಟ್ಟು ಹತ್ತಿರ ಬಂದರು. ಅವರ ಮುಖ ನೋಡಲು ಅವಳಿಗೆ ಆಗಲಿಲ್ಲ. "ಎರಡನೇ ಸಲ ಬೇರಿಂಗಿನ ಮೇಲೆ ನನಗೂ ಸ್ವಲ್ಪ ಅನುಮಾನ ಇತ್ತು ಬಿಡಿ ಸಾರ್," ಎಂದರು ಮೇಸ್ತ್ರಿ.

ಈ ಕರುಣೆ ಲೋಟ ಬೇರೆ ಇಟ್ಟದ್ದಕ್ಕಿಂತ ಜೋರಾಗಿ ಕುಟುಕಿತು. "ಇರಲಿಲ್ಲ ಮೇಸ್ತ್ರಿ. ನಿಮಗೆ ಒಂಚೂರೂ ಅನುಮಾನ ಇರಲಿಲ್ಲ. ನಾನು ನಿಮ್ಮ ಬಾಯಿ ಮುಚ್ಚಿಸಿದೆ. ನೀವು ಸರಿ, ನಾನು ತಪ್ಪು. ನನಗೋಸ್ಕರ ಸುಳ್ಳು ಹೇಳಬೇಡಿ."

ಮೇಸ್ತ್ರಿ ಗೋಣಿಯ ಮೇಲಿಂದ ಉದ್ದನೆಯ ಸ್ಕ್ರೂಡ್ರೈವರ್ ಎತ್ತಿ ಅವಳ ಕಡೆ ಹಿಡಿದರು. "ಬಲಗಿವಿ ಇದೆಯಲ್ಲ," ಎಂದರು. ಅದರಲ್ಲಿ ಕರುಣೆ ಇರಲಿಲ್ಲ, ಸ್ವಲ್ಪ ಸಿಟ್ಟೇ ಇತ್ತು. ಅವಳಿಗೆ ಅದು ಇಷ್ಟವಾಯಿತು.

ಅವಳು ಮೊನೆಯನ್ನು ಬೇರಿಂಗಿನ ಮೇಲೆ ಊರಿ ಹಿಡಿಯನ್ನು ಬಲಗಿವಿಯ ಹಿಂದೆ ಒತ್ತಿಕೊಂಡಳು. ಬಗ್ಗುವ ರೀತಿಯೇ ತಿರುವುಮುರುವಾಯಿತು, ಮೊಣಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕಣ್ಣು ಮುಚ್ಚಿದಳು. ಎಡಗಡೆಯಲ್ಲಾದರೆ ಬೇರಿಂಗು ತಲೆಯೊಳಗೇ ಕೂತು ಮಾತಾಡುತ್ತಿತ್ತು. ಬಲಗಡೆ ಇಡೀ ಪಂಪುಹೌಸೇ ಒಳಗೆ ನುಗ್ಗಿತು, ಮೋಟರು, ನೀರು, ಪಕ್ಕದ ಪಂಪು, ಯಾರದೋ ಕೆಮ್ಮು, ಇವೆಲ್ಲದರ ಅಡಿಯಲ್ಲಿ ಎಲ್ಲೋ ದೂರದಲ್ಲಿ ತೆಳ್ಳಗೆ ಒಂದು ಸದ್ದು. ಅದು ನುಣುಪೋ ತರಿಯೋ ಅವಳಿಗೆ ತಿಳಿಯಲಿಲ್ಲ. ಕಾದಳು. ಎಲ್ಲರೂ ನೋಡುತ್ತಿದ್ದಾರೆ ಎಂದು ಬೆನ್ನಿಗೆ ಗೊತ್ತಾಗುತ್ತಿತ್ತು. ಚೆನ್ನಾಗಿದೆ ಎಂದುಬಿಟ್ಟರೆ ಮುಗಿಯಿತು, ಮೇಸ್ತ್ರಿ ಚೆನ್ನಾಗಿದೆ ಎಂದೇ ಹೇಳುತ್ತಾರೆ, ಕಿವಿಯಕ್ಕ ಬಲಗಿವಿಯಲ್ಲೂ ಕಿವಿಯಕ್ಕನೇ ಎಂದಾಗುತ್ತದೆ. ಆ ಮಾತು ನಾಲಿಗೆಯ ತುದಿಗೂ ಬಂತು.

"ಗೊತ್ತಾಗ್ತಿಲ್ಲ," ಎಂದಳು.

ಆ ಕಟ್ಟಡದಲ್ಲಿ ಅವಳು ಯಾವತ್ತೂ ಆಡದ ಮಾತು ಅದು. ಮೇಸ್ತ್ರಿ ಸ್ಕ್ರೂಡ್ರೈವರ್ ಇಸಿದುಕೊಂಡು ತಾವು ಕೇಳಿದರು, ಓಡಲಿ ಎಂದು ಕೈಸನ್ನೆ ಮಾಡಿದರು. ಎಂಜಿನಿಯರು ಫೋನು ತೆಗೆದು ನೀರು ನಿಲ್ಲಿಸಬೇಡಿ ಎಂದು ಯಾರಿಗೋ ಕೂಗಿ ಹೇಳಿ, ಬೈಸಿಕೊಂಡು, ಬೆವರು ಒರೆಸಿಕೊಂಡು ಅವಳ ಬಲಕ್ಕೇ ಬಂದು ನಿಂತರು.

"ನಾಳೆಯಿಂದ ಗೇಟಿನಲ್ಲಿ ಕೂತ್ಕೊಳ್ಳಿ. ಬಂದ ಗಾಡಿ ನೋಡೋದು, ಅಷ್ಟೇ ಕೆಲಸ. ಹುಷಾರಾದ ಮೇಲೆ ನೋಡೋಣ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ."

"ಗೇಟಿಗೆ ಹೋಗಲ್ಲ ಸಾರ್."

"ಈಗ ನೀವೇ ಗೊತ್ತಾಗ್ತಿಲ್ಲ ಅಂದ್ರಲ್ರೀ."

"ಗೊತ್ತಾಗ್ತಿಲ್ಲ ಅಂದೆ, ಕೇಳಿಸ್ತಿಲ್ಲ ಅನ್ನಲಿಲ್ಲ. ಎಡಗಿವಿಗೂ ಹುಟ್ಟುವಾಗ ಗೊತ್ತಿರಲಿಲ್ಲ, ಇಲ್ಲೇ ಕಲಿತಿದ್ದು. ಬಲದ್ದೂ ಇಲ್ಲೇ ಕಲಿಯುತ್ತೆ. ಅಲ್ಲಿಯವರೆಗೆ ನಾನು ಹೇಳಿದ್ದನ್ನ ಮೇಸ್ತ್ರಿ ಇನ್ನೊಂದು ಸಲ ಕೇಳಲಿ. ಇನ್ಮೇಲೆ ಒಬ್ಬರ ಮಾತಿಗೆ ಯಾವ ಪಂಪೂ ಬಿಚ್ಚಬೇಡಿ, ನನ್ನ ಮಾತಿಗೂ ಬೇಡ. ಮಾತ್ರೆ ಬೆಳಗ್ಗೆ ನುಂಗಿ ಕೆಲಸಕ್ಕೆ ಬರ್ತೀನಿ. ಟಿ.ಬಿ. ಇರೋದಕ್ಕೆ ಗೇಟಿಗೆ ಕಳಿಸ್ತಿದ್ದೀರೋ, ಕಿವಿಗೆ ಕಳಿಸ್ತಿದ್ದೀರೋ, ಇವರೆಲ್ಲರ ಎದುರಿಗೆ ಹೇಳಿ."

ಎಣ್ಣೆಯವನು, ಫಿಟ್ಟರುಗಳು, ಮೇಸ್ತ್ರಿ, ಎಲ್ಲರೂ ಎಂಜಿನಿಯರನ್ನೇ ನೋಡುತ್ತಿದ್ದರು. ಅವರು ಜಾಗ ಬಿಟ್ಟು ಕದಲಲಿಲ್ಲ, ಪಂಪುಗಳಿಗೂ ಅವಳಿಗೂ ನಡುವೆ ಹಾಗೇ ನಿಂತರು, ಸಾಕಾಗಿ ಅವಳೇ ಹೋಗುತ್ತಾಳೆ ಎಂದು ಕಾಯುವವರ ಹಾಗೆ. ಕಿವಿಯಲ್ಲಿ ಹತ್ತಿ ಒದ್ದೆಯಾಗಿತ್ತು. ಅವಳು ಮೇಸ್ತ್ರಿಯ ಕೈಯಿಂದ ಸ್ಕ್ರೂಡ್ರೈವರನ್ನು ಇಸಿದುಕೊಂಡಳು.

"ಸ್ವಲ್ಪ ಸರೀರಿ ಸಾರ್," ಎಂದಳು. "ನಾಲ್ಕನೇದು ಕೇಳಬೇಕು."

ಅವರು ಸರಿದರು.